ಹೊಸ ಪಿಕಪ್ ಗಾಡಿಯನ್ನು ಹೊರೆಗೆ ಪಳಗಿಸುವ ಕ್ರಮ

ಬೆಳೆದ ಮಾಲನ್ನು ಹಳ್ಳಿಯಿಂದ ಪೇಟೆಗೆ ಸಾಗಿಸುವ ಕೆಲಸವು ಒಂದು ತಲೆಮಾರಿನ ಹಿಂದಿನವರೆಗೂ ಎತ್ತಿನ ಗಾಡಿಗಳಿಂದಲೂ ಬಾಡಿಗೆಯ ಲಾರಿಗಳಿಂದಲೂ ನಡೆಯುತ್ತಿದ್ದಿತು. 2005ರಲ್ಲಿ ಟಾಟಾ ಕಂಪೆನಿಯವರ ಏಸ್ ಎಂಬ ಪುಟ್ಟ ಸರಕುಗಾಡಿಯು ಮಾರುಕಟ್ಟೆಗೆ ಬಂದ ತರುವಾಯ ಈ ಸ್ಥಿತಿಯು ಬಹಳ ಮಟ್ಟಿಗೆ ಮಾರ್ಪಟ್ಟಿತು. ಅದಕ್ಕಿಂತ ದೊಡ್ಡವಾದ, ಒಂದು ಒಂದೂವರೆ ಟನ್ನು ಹೊರತಕ್ಕ ಪಿಕಪ್ ಗಾಡಿಗಳು ಈಗ ಹೋಬಳಿ ಹೋಬಳಿಗೂ ಹಬ್ಬಿವೆ. ದೊಡ್ಡ ಜಮೀನುದಾರರು ಮಾತ್ರವಲ್ಲದೆ ನಾಲ್ಕೈದು ಎಕರೆಯ ಬೇಸಾಯಗಾರರೂ ಸಾಲ ಮಾಡಿ ಇವುಗಳನ್ನು ಕೊಳ್ಳುತ್ತಿದ್ದಾರೆ. ಮನೆಯ ಸ್ವತ್ತುಗಳಲ್ಲಿ ಭೂಮಿಯನ್ನೂ ಮನೆಯನ್ನೂ ಬಿಟ್ಟರೆ ಬೆಲೆಯಲ್ಲಿ ಮೂರನೆಯದು ಅನೇಕ ಕಡೆ ಈ ಗಾಡಿಯೇ ಆಗಿದೆ.

ಹೀಗಿದ್ದರೂ ಒಂದು ವಿಚಿತ್ರವು ಕಾಣಬರುತ್ತದೆ. ಹಳ್ಳಿಕಾರ್ ತಳಿಯ ಒಂದು ಜೋಡಿ ಹೋರಿಗಳನ್ನು ಜಾತ್ರೆಯಿಂದ ಹಿಡಿದು ತಂದ ಒಕ್ಕಲಿಗನು ಮರುದಿನವೇ ಅವುಗಳಿಗೆ ಹೇರುಗಾಡಿಯನ್ನು ಕಟ್ಟುವುದಿಲ್ಲ. ಮೊದಲು ನೊಗದ ರೂಢಿ ಮಾಡಿಸಿ, ಮರದ ಕೊರಡನ್ನು ಎಳೆಯಿಸಿ, ಪಳಗಿದ ಎತ್ತಿನ ಜತೆಗೆ ಹೂಡಿ, ಬರಿಯ ಗಾಡಿಯನ್ನು ಕೆಲವು ದಿನ ನಡೆಸಿ, ಆ ಮೇಲೆ ಅರೆ ಹೊರೆಯನ್ನೂ ಕಡೆಗೆ ಪೂರ್ಣ ಹೊರೆಯನ್ನೂ ಹೇರುತ್ತಾನೆ. ಹೆಗಲು ಹಣ್ಣಾದರೆ ಎತ್ತು ಕೆಟ್ಟಿತೆಂಬುದು ಅವನಿಗೆ ಗೊತ್ತು. ಅದೇ ಒಕ್ಕಲಿಗನು ಹೋರಿಗಳ ಬೆಲೆಗಿಂತ ಅನೇಕ ಪಟ್ಟು ಕೊಟ್ಟು ತಂದ ಪಿಕಪ್ ಗಾಡಿಗೆ ಪೂಜೆಯಾದ ಸಂಜೆಯೇ ಕಟಕಟೆಯ ಮೇಲಿನವರೆಗೆ ಮಾಲನ್ನು ತುಂಬಿಸಿ, ರಾತ್ರಿಯೇ ಮಾರುಕಟ್ಟೆಗೆ ಅಟ್ಟುವುದುಂಟು. ಕಬ್ಬಿಣಕ್ಕೆ ಹೆಗಲಿಲ್ಲವೆಂಬ ಭಾವನೆಯೇ ಇದಕ್ಕೆ ಕಾರಣವೆಂದು ತೋರುತ್ತದೆ. ವಾಸ್ತವದಲ್ಲಿ ಹೊಸ ಗಾಡಿಯಲ್ಲಿ ಹೆಗಲಿನಂತಹ ಸ್ಥಳಗಳು ಒಂದಲ್ಲ, ಐದಾರು ಇವೆ.

ಬೇಸಾಯಗಾರನ ಕಷ್ಟವನ್ನೂ ಇಲ್ಲಿ ಗಮನಿಸಬೇಕು. ಗಾಡಿಯನ್ನು ಕೊಳ್ಳುವುದು ಸಾಮಾನ್ಯವಾಗಿ ಬೆಳೆ ಕೈಗೆ ಬರುವ ಕಾಲದಲ್ಲಿ. ಕೋಲಾರ ಸೀಮೆಯಲ್ಲಿ ಟೊಮ್ಯಾಟೊ ಕೊಯ್ಲು ಮೊದಲಾದರೆ ಮೂರು ನಾಲ್ಕು ದಿನಗಳಿಗೊಮ್ಮೆ ಹಣ್ಣನ್ನು ಬಿಡಿಸಲೇಬೇಕು; ಬಿಡಿಸಿದ್ದು ಒಂದು ದಿನ ತಡೆದರೆ ದರ ಬೀಳುತ್ತದೆ, ಎರಡು ದಿನ ತಡೆದರೆ ಹಣ್ಣೇ ಕೆಡುತ್ತದೆ. ಗಾಡಿಯ ಕೈಪಿಡಿಯು “ಮೊದಲ ಸಾವಿರ ಕಿಲೋಮೀಟರು ಭಾರವನ್ನು ಮಿತಗೊಳಿಸಿರಿ” ಎನ್ನುತ್ತದೆ. ಹೊಲದಲ್ಲಿನ ಹಣ್ಣು ಕೈಪಿಡಿಯನ್ನು ಓದುವುದಿಲ್ಲ. ಸಾಲದ ಮೊದಲನೆಯ ಕಂತಿನ ದಿನವೂ ತಪ್ಪದೆ ಬರುತ್ತದೆ. ಆದಕಾರಣ ಹೊಸ ಗಾಡಿಯನ್ನು ಒಂದು ತಿಂಗಳು ಸುಮ್ಮನೆ ಓಡಾಡಿಸಿರೆಂಬ ಬುದ್ಧಿವಾದದಿಂದ ಪ್ರಯೋಜನವಿಲ್ಲ. ದುಡಿಯುತ್ತಲೇ ಗಾಡಿಯನ್ನು ಪಳಗಿಸುವುದು ಹೇಗೆಂಬುದನ್ನೇ ತಿಳಿಯಬೇಕಾಗಿದೆ. ಅದು ಸಾಧ್ಯವಾದ ಕೆಲಸವೇ ಆಗಿದೆ.

ಮೊದಲು ಇಂಜನ್ನಿನ ಒಳಗೆ ನಡೆಯುವುದೇನೆಂಬುದನ್ನು ನೋಡೋಣ. ಸಿಲಿಂಡರಿನ ಒಳಗೋಡೆಯು ಕಣ್ಣಿಗೆ ನುಣುಪಾಗಿ ಕಂಡರೂ, ಎಣ್ಣೆಯು ನಿಲ್ಲುವುದಕ್ಕಾಗಿ ಅದರ ಮೇಲೆ ಒಂದನ್ನೊಂದು ಹಾಯುವ ಸೂಕ್ಷ್ಮವಾದ ಗೀರುಗಳನ್ನು ಕಾರ್ಖಾನೆಯಲ್ಲಿಯೇ ಎಳೆದಿರುತ್ತಾರೆ. ಪಿಸ್ಟನ್ನಿನ ಸುತ್ತಲೂ ಇರುವ ರಿಂಗುಗಳು ಈ ಗೋಡೆಗೆ ಉಜ್ಜುತ್ತ ಉಜ್ಜುತ್ತ, ಗೀರುಗಳ ಮೊನೆಗಳು ಸವೆದು, ರಿಂಗು ಮತ್ತು ಗೋಡೆ ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ಬೀಸುವ ಕಲ್ಲನ್ನು ಹೊಸದಾಗಿ ಕುಟ್ಟಿಸಿದಾಗ ಮೊದಲು ಸ್ವಲ್ಪ ನುಚ್ಚನ್ನು ಹಾಕಿ ಬೀಸಿ ಕಲ್ಲನ್ನು ಕೂಡಿಸುವಂತೆಯೇ ಇದು. ಉರಿದ ಅನಿಲದ ಒತ್ತಡವು ರಿಂಗಿನ ಹಿಂಬದಿಗೆ ನುಗ್ಗಿ ಅದನ್ನು ಗೋಡೆಗೆ ಒತ್ತಿ ಹಿಡಿಯುವುದರಿಂದ ಈ ಹೊಂದಾಣಿಕೆ ಆಗುತ್ತದೆ. ಇಂಜನ್ನಿಗೆ ಸ್ವಲ್ಪವೂ ಭಾರವಿಲ್ಲದಿದ್ದರೆ ಈ ಒತ್ತಡವು ಸಾಲದು. ಗಂಟೆಗಟ್ಟಲೆ ಮನೆಯ ಮುಂದೆ ಇಂಜನ್ನನ್ನು ಸುಮ್ಮನೆ ಓಡಿಸಿ ಇಡುವುದು, ವಾರಗಟ್ಟಲೆ ಬರಿದಾಗಿಯೇ ಮೆಲ್ಲನೆ ತಿರುಗಿಸುವುದು, ಇವುಗಳಿಂದ ಗೋಡೆಯ ಮೇಲೆ ಎಣ್ಣೆಯು ಬೆಂದು ಗಾಜಿನಂತಹ ಲೇಪವಾಗಿ, ರಿಂಗುಗಳು ಕೂಡದೆ, ಗಾಡಿಯು ಮುಂದೆ ಎಣ್ಣೆಯನ್ನು ಕುಡಿಯತೊಡಗುತ್ತದೆ. ಬಹು ಜಾಗರೂಕರೆನಿಸಿಕೊಂಡವರೇ ಈ ತಪ್ಪನ್ನು ಹೆಚ್ಚಾಗಿ ಮಾಡುತ್ತಾರೆ.

ಪೂರ್ಣ ಹೊರೆಯ ದೋಷವು ಇದಕ್ಕೆ ವಿರುದ್ಧವಾದದ್ದು. ಮೊನೆಗಳಿನ್ನೂ ಸವೆಯದಿರುವಾಗ ಒತ್ತಡವು ವಿಪರೀತವಾದರೆ, ಎಣ್ಣೆಯ ಪೊರೆಯು ಅಲ್ಲಲ್ಲಿ ಹರಿದು ಲೋಹಕ್ಕೆ ಲೋಹವು ತಗುಲಿ ಗಾಯವಾಗುತ್ತದೆ. ಅದರಲ್ಲಿಯೂ ಮೇಲಿನ ಗೇರಿನಲ್ಲಿ, ಕಡಮೆ ಸುತ್ತಿನಲ್ಲಿ, ಗಾಡಿಯು ನಡುಗುತ್ತ ಏದುತ್ತ ಏರನ್ನು ಹತ್ತುವಂತೆ ಮಾಡುವುದು ಅತ್ಯಂತ ಹಾನಿಕರ. ಡೀಸಲ್ ಉಳಿಯುತ್ತದೆಂದು ಕೆಲವು ಚಾಲಕರು ಹೀಗೆ ಮಾಡುತ್ತಾರೆ. ಅದರಿಂದ ಉಳಿದ ಕಾಸು ಕೊನೆಗೆ ಮೆಕ್ಯಾನಿಕ್ಕನ ಪಾಲಾಗುತ್ತದೆ. ಹೊಸ ಇಂಜನ್ನಿಗೆ ಬರಿದೂ ಸಲ್ಲದು, ಬಿರಿಯುವ ಹೊರೆಯೂ ಸಲ್ಲದು; ಮಿತವಾದ ಹೊರೆ, ಏರಿಳಿಯುವ ವೇಗ, ತಕ್ಕ ಗೇರು, ಇವೇ ಅದಕ್ಕೆ ಪಥ್ಯ. ಕಾರ್ಖಾನೆಗಳಲ್ಲಿ ಭಾಗಗಳನ್ನು ಕಡೆಯುವ ಕೆಲಸವು ಈಗ ಬಹಳ ನಯವಾಗಿರುವುದರಿಂದ ಈ ಪಥ್ಯದ ಕಾಲವು ಹಿಂದಿಗಿಂತ ಕಡಮೆಯಾಗಿದೆ. 1950ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಹೊಸ ಕಾರಿನ ಹಿಂದಿನ ಗಾಜಿಗೆ “ಹೊಸ ಗಾಡಿ, ಪಳಗುತ್ತಿದೆ, ದಯಮಾಡಿ ಮುಂದೆ ಹೋಗಿರಿ” ಎಂಬ ಅರ್ಥದ ಚೀಟಿಯನ್ನು ಅಂಟಿಸಿಕೊಂಡು ಮೆಲ್ಲನೆ ಹೋಗುತ್ತಿದ್ದರು. ಈಗ ಅಷ್ಟೊಂದು ಅವಶ್ಯಕವಿಲ್ಲ.

ಇಂಜನ್ನಿನ ಮಾತು ಹೀಗಾದರೆ, ಹೊರೆಯ ಗಾಡಿಯಲ್ಲಿ ಅದಕ್ಕಿಂತ ಹೆಚ್ಚಾಗಿ ನೋಯುವ ಭಾಗವು ಬೇರೊಂದುಂಟು. ಹಿಂದಿನ ಅಚ್ಚಿನ ನಡುವೆ ಗಡಿಗೆಯಂತೆ ಉಬ್ಬಿಕೊಂಡಿರುವ ಡಿಫರೆನ್ಷಿಯಲ್ ಎಂಬುದನ್ನು ಎಲ್ಲರೂ ನೋಡಿಯೇ ಇರುತ್ತಾರೆ. ಅದರೊಳಗಿನ ಕ್ರೌನ್ ಚಕ್ರವೂ ಪಿನಿಯನ್ನೂ ಇಂಜನ್ನಿನ ಬಲವನ್ನು ಮೂಲೆ ತಿರುಗಿಸಿ ಹಿಂದಿನ ಚಕ್ರಗಳಿಗೆ ಮುಟ್ಟಿಸುತ್ತವೆ. ಇವುಗಳ ಹಲ್ಲುಗಳು ಉರುಳುವುದಷ್ಟೇ ಅಲ್ಲದೆ ಒಂದರ ಮೇಲೊಂದು ಜಾರುತ್ತವೆ. ಹೊಸ ಹಲ್ಲುಗಳು ಪರಸ್ಪರ ನಯಗೊಳ್ಳುವವರೆಗೆ ಈ ಜಾರುವಿಕೆಯಿಂದ ಹೆಚ್ಚಾದ ಶಾಖವು ಹುಟ್ಟುತ್ತದೆ. ಶಾಖದಿಂದ ಗೇರೆಣ್ಣೆಯು ತೆಳ್ಳಗಾಗುತ್ತದೆ. ತೆಳ್ಳಗಾದ ಎಣ್ಣೆಯು ಹಲ್ಲನ್ನು ಕಾಯಲಾರದು. ಮೊದಲ ವಾರದ ಅತಿಭಾರದಿಂದಾದ ಗಾಯವು ಆಗಲೇ ಗೊತ್ತಾಗುವುದಿಲ್ಲ; ಬಹುಕಾಲದ ಮೇಲೆ ಹಿಂದಿನಿಂದ “ಹೂಂ” ಎಂಬ ಕೊರಗಿನ ಸದ್ದಾಗಿ ಹೊರಬೀಳುತ್ತದೆ. ಆಗ ಗಾಡಿಯನ್ನು ಕೊಂಡವನು ಕಂಪೆನಿಯನ್ನು ಬೈಯುತ್ತಾನೆ. ಇಂಜನ್ನಿಗೆ ಬಿಸಿಯನ್ನು ತೋರಿಸುವ ಮುಳ್ಳಾದರೂ ಉಂಟು. ಈ ಗಡಿಗೆಯ ಬಿಸಿಯನ್ನು ತೋರಿಸುವ ಯಾವ ಗುರುತೂ ಚಾಲಕನ ಮುಂದೆ ಇರುವುದಿಲ್ಲ. ಅದುದರಿಂದ ಮೊದಲ ಹೊರೆಗಳ ಕಾಲದಲ್ಲಿ ಮೂವತ್ತು ನಲವತ್ತು ಕಿಲೋಮೀಟರಿಗೊಮ್ಮೆ ಹತ್ತು ಹದಿನೈದು ನಿಮಿಷ ಗಾಡಿಯನ್ನು ನಿಲ್ಲಿಸಿ ಆರಲು ಬಿಡುವುದು ಲೇಸು. ಎತ್ತಿನ ಗಾಡಿಯ ಕಾಲದಲ್ಲಿ ಹೊರಡುವ ಮೊದಲು ಕೀಲೆಣ್ಣೆಯನ್ನು ನೋಡಿಕೊಳ್ಳದ ಗಾಡಿಕಾರನಿರಲಿಲ್ಲವೆಂಬುದನ್ನು ಹಿರಿಯರು ಬಲ್ಲರು. ಕೈಪಿಡಿಯಲ್ಲಿ ಮೊದಲ ಸರ್ವಿಸಿಗೇ ಗೇರೆಣ್ಣೆಯನ್ನು ಬದಲಿಸಬೇಕೆಂದು ಹೇಳಿದ್ದರೆ ಅದನ್ನು ಎಂದಿಗೂ ಮುಂದಕ್ಕೆ ಹಾಕಕೂಡದು. ಹಲ್ಲುಗಳಿಂದ ಉದುರಿದ ಉಕ್ಕಿನ ಪುಡಿಯು ಆ ಎಣ್ಣೆಯಲ್ಲಿಯೇ ಸುತ್ತುತ್ತಿರುತ್ತದೆ.

ಉಳಿದ ಭಾಗಗಳ ಮಾತನ್ನು ಸಂಕ್ಷೇಪವಾಗಿ ಹೇಳಬಹುದು. ಬ್ರೇಕಿನ ಲೈನಿಂಗುಗಳು ಡ್ರಮ್ಮಿಗೂ ಡಿಸ್ಕಿಗೂ ಮೈತುಂಬ ತಗುಲುವಂತಾಗುವುದಕ್ಕೆ ಕೆಲವು ನೂರು ಕಿಲೋಮೀಟರು ಬೇಕು. ಅಲ್ಲಿಯವರೆಗೆ ಗಾಡಿಯು ನಿಲ್ಲುವುದಕ್ಕೆ ಹೆಚ್ಚು ದೂರವನ್ನು ತೆಗೆದುಕೊಳ್ಳುತ್ತದೆ. ಹೊಸ ಟೈರಿನ ಮೇಲ್ಮೈಯು ಅಚ್ಚಿನಿಂದ ಬಂದ ನುಣುಪು ಹೋಗುವವರೆಗೆ ಒದ್ದೆ ರಸ್ತೆಯಲ್ಲಿ ಜಾರುತ್ತದೆ. ಕ್ಲಚ್ಚಿನ ಫಲಕಕ್ಕೂ ಕೂಡಿಕೊಳ್ಳುವ ಕಾಲವುಂಟು. ಏರಿನಲ್ಲಿ ಹ್ಯಾಂಡ್ ಬ್ರೇಕನ್ನು ಹಿಡಿಯದೆ ಅರೆ ಕ್ಲಚ್ಚಿನ ಮೇಲೆಯೇ ಗಾಡಿಯನ್ನು ತೂಗಿಸಿ ನಿಲ್ಲಿಸುವ ಚಾಲಕನು ಒಂದೇ ವಾರದಲ್ಲಿ ಅದನ್ನು ಸುಟ್ಟುಬಿಡಬಲ್ಲನು. ಹಿಂದಿನ ಕಮಾನು ಪಟ್ಟಿಗಳು ಮೊದಲ ಹೊರೆಗಳಿಗೆ ಸ್ವಲ್ಪ ಕುಗ್ಗಿ ನೆಲೆಗೊಳ್ಳುವುದರಿಂದ, ಅವುಗಳನ್ನು ಅಚ್ಚಿಗೆ ಬಿಗಿದಿರುವ ಯು-ಬೋಲ್ಟುಗಳು ಸಡಿಲವಾಗುವ ಸಂಭವವಿದೆ. ಮೊದಲ ಹೊರೆಯನ್ನು ಇಳಿಸಿದ ಮೇಲೆ ಈ ಬೋಲ್ಟುಗಳನ್ನೂ ಚಕ್ರದ ನಟ್ಟುಗಳನ್ನೂ ಬಿಗಿ ನೋಡಿಸಬೇಕು. ಇದಕ್ಕೆ ಅರ್ಧ ಗಂಟೆಯೂ ಹಿಡಿಯುವುದಿಲ್ಲ.

ಹೊರೆಯ ಲೆಕ್ಕ:— ಅರೆ ಹೊರೆ, ಮುಕ್ಕಾಲು ಹೊರೆ ಎಂದು ಹೇಳುವುದು ಸುಲಭ. ಪೂರ್ಣ ಹೊರೆ ಎಂದರೆ ಎಷ್ಟೆಂಬುದೇ ಬಹುಮಂದಿಗೆ ಸರಿಯಾಗಿ ತಿಳಿದಿರುವುದಿಲ್ಲ. ನೋಂದಣಿ ಪತ್ರದಲ್ಲಿ ಬರಿಗಾಡಿಯ ತೂಕ, ಹೊರೆಸಹಿತವಾದ ಒಟ್ಟು ತೂಕ ಎಂಬ ಎರಡು ಅಂಕಿಗಳಿರುತ್ತವೆ. ಎರಡನೆಯದರಿಂದ ಮೊದಲನೆಯದನ್ನು ಕಳೆದರೆ ಬರುವುದು ಹೊರೆ; ಆದರೆ ಅದೆಲ್ಲವೂ ಮಾಲಿನದಲ್ಲ. ದೃಷ್ಟಾಂತಕ್ಕಾಗಿ ಒಟ್ಟು ತೂಕ 3,000 ಕಿಲೋ, ಬರಿಗಾಡಿ 1,600 ಕಿಲೋ ಎಂದಿಟ್ಟುಕೊಂಡರೆ ಉಳಿಯುವುದು 1,400 ಕಿಲೋ. ಟೊಮ್ಯಾಟೊ ಕ್ರೇಟು 15 ಕಿಲೋ ಎಂದು 93 ಕ್ರೇಟುಗಳನ್ನು ಹೇರುವವರುಂಟು. ಬರಿಯ ಕ್ರೇಟೇ ಒಂದೂವರೆ ಕಿಲೋ ತೂಗುತ್ತದೆಂಬುದೂ, ಚಾಲಕನೂ ಜತೆಯಾಳೂ ಸೇರಿ 130 ಕಿಲೋ ಆಗುವರೆಂಬುದೂ, ಟಾರ್ಪಾಲು ಹಗ್ಗ ಮುಂತಾದವು 30 ಕಿಲೋ ಎಂಬುದೂ ಆ ಲೆಕ್ಕದಲ್ಲಿ ಸೇರಿರುವುದಿಲ್ಲ. ಇವೆಲ್ಲವನ್ನೂ ಸೇರಿಸಿದರೆ ಆ ಗಾಡಿಗೆ ಸಲ್ಲುವುದು 75 ಕ್ರೇಟು ಮಾತ್ರ. 93 ಹೇರಿದವನು ತನಗೆ ತಿಳಿಯದೆಯೇ ಸುಮಾರು 295 ಕಿಲೋ ಹೆಚ್ಚಿಗೆ ಹೊರಿಸಿದಂತಾಯಿತು. ಪಳಗುವ ಕಾಲದ ಅರೆ ಹೊರೆಯೆಂದರೆ ಈ ಗಾಡಿಗೆ 38 ಕ್ರೇಟು.

ಭತ್ತದ ಮೂಟೆ 75 ಕಿಲೋ ಎಂದು ಎಣಿಕೆ ಇರುವುದರಿಂದ ಅಲ್ಲಿ ಮೋಸವಾಗುವುದು ಕಡಮೆ. ಮೋಸವಾಗುವುದು ಮರಳು, ಮಣ್ಣು, ಹಸಿಗೊಬ್ಬರಗಳಲ್ಲಿ. 9 ಅಡಿ ಉದ್ದ, ಐದೂವರೆ ಅಡಿ ಅಗಲದ ತೊಟ್ಟಿಯಲ್ಲಿ ಒಂದೂಕಾಲು ಅಡಿ ಎತ್ತರಕ್ಕೆ ಮರಳನ್ನು ತುಂಬಿದರೆ ಅದು ಸುಮಾರು 2.8 ಟನ್ನು ತೂಗುತ್ತದೆ. ಮೇಲೆ ಹೇಳಿದ ಗಾಡಿಗೆ ಸಲ್ಲುವುದರ ಇಮ್ಮಡಿ. ತೊಟ್ಟಿಯು ಇನ್ನೂ ತುಂಬಿಲ್ಲವೆಂದು ಕಣ್ಣು ಹೇಳುತ್ತದೆ; ಕಮಾನು ಪಟ್ಟಿಯು ಬೇರೆಯೇ ಹೇಳುತ್ತದೆ. ಮೊದಲ ಮೂರು ನಾಲ್ಕು ಹೊರೆಗಳನ್ನು ವೇಬ್ರಿಜ್ಜಿನ ಮೇಲೆ ತೂಗಿಸಿದರೆ ಆ ಮೇಲೆ ಕಣ್ಣಳತೆಯೇ ಸಾಕಾಗುತ್ತದೆ. ಕಾನೂನಿನ ಕಡೆಯಿಂದಲೂ ಇದು ಅವಶ್ಯಕ. 1988ರ ಮೋಟಾರು ವಾಹನಗಳ ಕಾಯಿದೆಯ 194ನೆಯ ಕಲಮಿನಂತೆ, 2019ರ ತಿದ್ದುಪಡಿಯಾದ ಮೇಲೆ, ಮಿತಿ ಮೀರಿದ ಹೊರೆಗೆ 20,000 ರೂಪಾಯಿಯೂ, ಹೆಚ್ಚಿಗೆಯ ಪ್ರತಿ ಟನ್ನಿಗೆ 2,000 ರೂಪಾಯಿಯೂ ದಂಡವೆಂದು ಗೊತ್ತುಮಾಡಿದೆ. ಹೆಚ್ಚಿನ ಮಾಲನ್ನು ದಾರಿಯಲ್ಲಿ ಇಳಿಸುವ ಖರ್ಚು ಬೇರೆ.

ಪಳಗಿಸುವ ಅನುಕ್ರಮ:— ಗಾಡಿಯಿಂದ ಗಾಡಿಗೆ ವ್ಯತ್ಯಾಸವಿರುವುದರಿಂದ ಆಯಾ ಕೈಪಿಡಿಯಲ್ಲಿ ಬರೆದಿರುವುದೇ ಪ್ರಮಾಣ. ಸಾಮಾನ್ಯವಾಗಿ ಮೊದಲ 200 ಕಿಲೋಮೀಟರನ್ನು ಕಾಲು ಹೊರೆಯಲ್ಲಿ, ಅಲ್ಲಿಂದ 500ರವರೆಗೆ ಅರೆ ಹೊರೆಯಲ್ಲಿ, 1,000ದವರೆಗೆ ಮುಕ್ಕಾಲು ಹೊರೆಯಲ್ಲಿ ಓಡಿಸಿ, ಆ ಮೇಲೆ ಪೂರ್ಣ ಹೊರೆಗೆ ಬಿಡುವುದು ಯುಕ್ತವಾದ ಕ್ರಮವಾಗಿದೆ. ಮುಂದಾಲೋಚನೆಯುಳ್ಳವರು ಗಾಡಿಯನ್ನು ಕೊಯ್ಲಿನ ದಿನ ತರದೆ, ಒಂದು ತಿಂಗಳು ಮುಂಚಿತವಾಗಿಯೇ ತರುವರು. ಆ ತಿಂಗಳಲ್ಲಿ ಬಿತ್ತನೆ ಬೀಜ, ರಸಗೊಬ್ಬರ, ಮೇವು, ಹಿಂಡಿ ಮೊದಲಾದ ಹಗುರ ಕೆಲಸಗಳಿಗೆ ಹೂಡಿದರೆ ಸಾವಿರ ಕಿಲೋಮೀಟರು ತಾನಾಗಿಯೇ ಕಳೆಯುತ್ತದೆ. ಕಂತು ಒಂದು ತಿಂಗಳು ಮೊದಲೇ ಆರಂಭವಾಗುವುದು ನಿಜ. ಆದರೆ ಕೊಯ್ಲಿನ ನಡುವೆ ಗಾಡಿಯು ಷೆಡ್ಡಿನಲ್ಲಿ ಮಲಗಿದರೆ ಆಗುವ ನಷ್ಟದ ಮುಂದೆ ಒಂದು ಕಂತು ದೊಡ್ಡದಲ್ಲ.

ಹಾಗೆ ಮಾಡಲಾಗದೆ ಗಾಡಿಯೂ ಕೊಯ್ಲೂ ಒಟ್ಟಿಗೆ ಬಂದರೆ, ಒಂದು ಹೊರೆಯನ್ನು ಎರಡಾಗಿ ಒಡೆಯಬೇಕು. ಮಾರುಕಟ್ಟೆಯು 40 ಕಿಲೋಮೀಟರು ದೂರವಿದ್ದರೆ ಎರಡನೆಯ ಸುತ್ತಿಗೆ ಹೋಗಿ ಬರಲು 80 ಕಿಲೋಮೀಟರು. ಲೀಟರಿಗೆ 13 ಕಿಲೋಮೀಟರು ಓಡುವ ಗಾಡಿಗೆ ಸುಮಾರು 6 ಲೀಟರು ಡೀಸಲ್. ಪಳಗುವ ಕಾಲವೂ ಬೇಗನೆ ಮುಗಿಯುತ್ತದೆ. ಇಲ್ಲವೇ ಅರ್ಧ ಮಾಲನ್ನು ಹೊಸ ಗಾಡಿಯಲ್ಲಿಯೂ, ಉಳಿದದ್ದನ್ನು ನೆರೆಯವರ ಹಳೆಯ ಗಾಡಿಯಲ್ಲಿಯೂ ಕಳುಹಿಸಿ, ಮುಂದೆ ಅವರ ಮಾಲಿಗೆ ಈ ಗಾಡಿಯನ್ನು ಕೊಟ್ಟು ಮುಯ್ಯಿ ತೀರಿಸಬಹುದು. ಉಳುಮೆಯಲ್ಲಿ ಮುಯ್ಯಾಳು ನಡೆದುಬಂದ ಊರುಗಳಿಗೆ ಇದು ಹೊಸದೇನೂ ಅಲ್ಲ; ಊರಿನ ಮುಖಂಡರು ಮನಸ್ಸು ಮಾಡಿದರೆ ಇಂತಹ ಏರ್ಪಾಡು ಒಂದೇ ಸಂಜೆಯಲ್ಲಿ ಆಗುತ್ತದೆ.

ಹೇರುವ ರೀತಿಯೂ ಮುಖ್ಯ. ಮಾಲನ್ನು ಹಿಂದಿನ ಬಾಗಿಲಿನ ಕಡೆಯಿಂದ ಪೇರಿಸುತ್ತ ಬರುವುದು ಕೂಲಿಯವರಿಗೆ ಸುಲಭ, ಗಾಡಿಗೆ ಕೇಡು. ಎರಡು ಅಚ್ಚುಗಳ ನಡುವೆ 10 ಅಡಿ ಇರುವ ಗಾಡಿಯಲ್ಲಿ, ಹಿಂದಿನ ಅಚ್ಚಿನಿಂದ 3 ಅಡಿ ಹಿಂದಕ್ಕೆ 300 ಕಿಲೋ ಇಟ್ಟರೆ, ಹಿಂದಿನ ಚಕ್ರಗಳ ಮೇಲೆ ಬೀಳುವುದು 390 ಕಿಲೋ. ಮುಂದಿನ ಚಕ್ರಗಳ ಮೇಲಿನ ಭಾರದಲ್ಲಿ 90 ಕಿಲೋ ಕಡಮೆಯಾಗುತ್ತದೆ. ಏತದ ಮರವನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾದ್ದಿಲ್ಲ. ಮುಂದಿನ ಚಕ್ರಗಳು ಹಗುರವಾದರೆ ಸ್ಟೇರಿಂಗು ಸಡಿಲವಾಗಿ ತೋರುತ್ತದೆ, ದೀಪಗಳು ಮರದ ಕೊಂಬೆಗಳಿಗೆ ಬೆಳಕು ಚೆಲ್ಲುತ್ತವೆ. ಭಾರವಾದ ಮಾಲನ್ನು ಚಾಲಕನ ಕೋಣೆಗೆ ಒತ್ತಿ, ತಗ್ಗಾಗಿ, ಎರಡು ಮಗ್ಗುಲಿಗೂ ಸಮನಾಗಿ ಇಟ್ಟು ಕಟ್ಟಬೇಕು. ಹೊರೆಯ ಗಾಡಿಗೆ ಹಿಂದಿನ ಟೈರುಗಳ ಗಾಳಿಯು ಬರಿಗಾಡಿಗಿಂತ ಹೆಚ್ಚಾಗಿರಬೇಕು. ಅದರ ಅಳತೆಯು ಕೈಪಿಡಿಯಲ್ಲಿಯೂ ಅನೇಕ ಗಾಡಿಗಳಲ್ಲಿ ಬಾಗಿಲಿನ ಬಳಿಯ ಚೀಟಿಯಲ್ಲಿಯೂ ಇರುತ್ತದೆ. ಗಾಳಿಯನ್ನು ಟೈರು ತಣ್ಣಗಿರುವಾಗಲೇ ನೋಡಬೇಕು.

ಇದುವರೆಗೆ ಹೇಳಿದ್ದು ಬಯಲುಸೀಮೆಯ ಸಮ ರಸ್ತೆಗೆ ಸಾಕು. ಹಾಸನ, ಚಿಕ್ಕಮಗಳೂರು ಕಡೆಗಳಿಂದ ತರಕಾರಿಯನ್ನು ಶಿರಾಡಿ ಅಥವಾ ಚಾರ್ಮಾಡಿ ಘಾಟಿಯ ಮೂಲಕ ಮಂಗಳೂರಿಗೆ ಇಳಿಸುವವರು ಇನ್ನೂ ಕೆಲವು ವಿಷಯಗಳನ್ನು ತಿಳಿದಿರಬೇಕು. 3,000 ಕಿಲೋ ತೂಗುವ ಗಾಡಿಯನ್ನು ಒಳ್ಳೆಯ ಡಾಂಬರು ರಸ್ತೆಯಲ್ಲಿ ಮೆಲ್ಲನೆ ನಡೆಸುವುದಕ್ಕೆ ಸುಮಾರು 45 ಕಿಲೋ ಎಳೆತ ಸಾಕು. ಹದಿನೈದು ಅಡಿಗೆ ಒಂದು ಅಡಿ ಏರುವ ದಾರಿಯಲ್ಲಿ ಅದಕ್ಕೆ ಇನ್ನೂ 200 ಕಿಲೋ ಸೇರಿ 245 ಆಗುತ್ತದೆ. ಐದು ಪಟ್ಟಿಗೂ ಮೇಲು. ಅರೆ ಹೊರೆಯಲ್ಲಿಯೂ ಇದು 195ರ ಸುಮಾರಿಗೆ ಬರುತ್ತದೆಯಾದ್ದರಿಂದ, ಘಾಟಿಯಲ್ಲಿ ಅರೆ ಹೊರೆಯೇ ಹೊಸ ಗಾಡಿಗೆ ದೊಡ್ಡ ಹೊರೆ. ಸಾಧ್ಯವಾದ ಮಟ್ಟಿಗೆ ಮೊದಲ 500 ಕಿಲೋಮೀಟರಿನೊಳಗೆ ಘಾಟಿಯನ್ನು ಹತ್ತಿಸದಿರುವುದೇ ಒಳ್ಳೆಯದು. ಹತ್ತಲೇಬೇಕಾದರೆ, ಇಂಜನ್ನು ಏದುವುದಕ್ಕೆ ಮುಂಚೆಯೇ ಕೆಳಗಿನ ಗೇರಿಗೆ ಬರಬೇಕು. ಇಳಿಯುವಾಗಿನ ಅಪಾಯವು ಇನ್ನೂ ಹೆಚ್ಚಿನದು. ಕೂಡದ ಲೈನಿಂಗುಗಳನ್ನು ಇಳಿಜಾರಿನ ಉದ್ದಕ್ಕೂ ತುಳಿದೇ ಇದ್ದರೆ ಅವು ಸುಟ್ಟ ವಾಸನೆ ಬಂದು, ಬ್ರೇಕು ಹಿಡಿಯದಂತಾಗುತ್ತದೆ. ಯಾವ ಗೇರಿನಲ್ಲಿ ಹತ್ತಬೇಕಾಗಿತ್ತೋ ಅದೇ ಗೇರಿನಲ್ಲಿ ಇಳಿಯಬೇಕೆಂಬ ಹಳೆಯ ಲಾರಿ ಚಾಲಕರ ಕಟ್ಟಳೆಯು ಇಂದಿಗೂ ಸತ್ಯ. ಗೇರನ್ನು ಬಿಟ್ಟು, ಇಂಜನ್ನನ್ನು ಆರಿಸಿ ಇಳಿಯುವ ದುರಭ್ಯಾಸವು ಪ್ರಾಣಕ್ಕೇ ಮುಳುವಾದದ್ದು. ಇಂಜನ್ನು ನಿಂತರೆ ಬ್ರೇಕಿಗೆ ಬಲವನ್ನು ಕೂಡಿಸುವ ಏರ್ಪಾಡೂ ನಿಲ್ಲುತ್ತದೆ.

2020ನೆಯ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿ.ಎಸ್.-6 ಎಂಬ ನಿಯಮದ ಪ್ರಕಾರ ತಯಾರಾದ ಡೀಸಲ್ ಗಾಡಿಗಳಲ್ಲಿ ಹೊಗೆಯ ಮಸಿಯನ್ನು ಹಿಡಿದಿಡುವ ಒಂದು ಶೋಧಕವನ್ನು ಸಾಮಾನ್ಯವಾಗಿ ಅಳವಡಿಸಿರುತ್ತಾರೆ. ಅದು ತುಂಬಿದಾಗ ಗಾಡಿಯು ತಾನಾಗಿಯೇ ಆ ಮಸಿಯನ್ನು ಸುಟ್ಟುಕೊಳ್ಳುತ್ತದೆ. ಆಗ ಶೋಧಕದ ಒಳಗಿನ ಬಿಸಿಯು 600 ಡಿಗ್ರಿಯ ಸುಮಾರಿಗೆ ಏರುತ್ತದೆ. ಹೊಲದಿಂದ ಮನೆಗೆ, ಮನೆಯಿಂದ ಡೇರಿಗೆ ಎಂದು ಎರಡೆರಡು ಕಿಲೋಮೀಟರು ಮಾತ್ರ ಓಡುವ ಗಾಡಿಗಳಲ್ಲಿ ಈ ಕಾರ್ಯವು ಅರ್ಧಕ್ಕೆ ನಿಂತು ಶೋಧಕವು ಕಟ್ಟಿಕೊಳ್ಳುತ್ತದೆ. ಆದ್ದರಿಂದ ವಾರಕ್ಕೊಮ್ಮೆಯಾದರೂ ಅರ್ಧ ಗಂಟೆ ಹೆದ್ದಾರಿಯಲ್ಲಿ ಸಮ ವೇಗದಲ್ಲಿ ಓಡಿಸಬೇಕು. ಶೋಧಕದ ದೀಪವು ಉರಿಯುತ್ತಿರುವಾಗ ಗಾಡಿಯನ್ನು ಕಣದಲ್ಲಿ ಹೊಟ್ಟಿನ ಮೇಲೆಯೋ ಬಣವೆಯ ಪಕ್ಕದಲ್ಲಿ ಒಣಹುಲ್ಲಿನ ಮೇಲೆಯೋ ನಿಲ್ಲಿಸಕೂಡದು. ಕಾದ ಕೊಳವೆಯಿಂದ ಬೆಂಕಿ ಹತ್ತಿದರೆ ಬಣವೆಯೂ ಗಾಡಿಯೂ ಒಟ್ಟಿಗೆ ಹೋಗುತ್ತವೆ.

ಇಷ್ಟೆಲ್ಲ ನಿಯಮಗಳನ್ನು ಗಾಡಿಯ ಯಜಮಾನನು ತಿಳಿದರೆ ಸಾಲದು. ಓಡಿಸುವವನು ಬೇರೆಯಾದರೆ ಅವನಿಗೂ ತಿಳಿಸಬೇಕು. ಚಾಲಕನಿಗೆ ಸುತ್ತಿಗಿಷ್ಟು ಎಂದು ಕೂಲಿ ಗೊತ್ತುಮಾಡಿದ್ದರೆ ಅವನು ಬೇಗ ಹೋಗಿ ಬೇಗ ಬರುವುದನ್ನೇ ನೋಡುತ್ತಾನೆ. ಪಳಗುವ ತಿಂಗಳಿನ ಮಟ್ಟಿಗೆ ಅವನಿಗೆ ದಿನಗೂಲಿ ಕೊಡುವುದು ಒಳ್ಳೆಯದು. “ಇನ್ನು ಹತ್ತೇ ಕ್ರೇಟು, ನಮ್ಮದನ್ನೂ ಹಾಕಿಕೊಂಡು ಹೋಗಪ್ಪಾ” ಎಂದು ದಾರಿಯಲ್ಲಿ ಕೈ ಅಡ್ಡ ಹಿಡಿಯುವ ನೆಂಟರಿಷ್ಟರಿಗೆ ಇಲ್ಲವೆನ್ನುವುದು ಚಾಲಕನಿಂದ ಆಗದ ಮಾತು. ಯಜಮಾನನೇ ಮುಂಚಿತವಾಗಿ ಊರಿನಲ್ಲಿ, “ಸಾವಿರ ಕಿಲೋಮೀಟರು ಆಗುವವರೆಗೆ ಯಾರ ಮಾಲೂ ಇಲ್ಲ” ಎಂದು ಹೇಳಿಬಿಟ್ಟರೆ ಯಾರಿಗೂ ಮನಸ್ತಾಪವಾಗುವುದಿಲ್ಲ. ಕೂಲಿಯಾಳುಗಳನ್ನು ಮಾಲಿನ ಮೇಲೆ ಕೂರಿಸಿ ಕಳುಹಿಸುವುದಂತೂ ಹೊಸ ಗಾಡಿಯಲ್ಲಾಗಲಿ ಹಳೆಯದರಲ್ಲಾಗಲಿ ಸರ್ವಥಾ ಕೂಡದು.

ಮೊದಲ ಸರ್ವಿಸನ್ನು ಕೈಪಿಡಿಯಲ್ಲಿ ಹೇಳಿದ ಕಿಲೋಮೀಟರು ಅಥವಾ ದಿನ, ಯಾವುದು ಮೊದಲು ಬರುವುದೋ ಆಗ ಮಾಡಿಸಬೇಕು. ಆ ದಿನ ಎಣ್ಣೆಯ ಮಟ್ಟ, ಯು-ಬೋಲ್ಟು, ಬ್ರೇಕಿನ ಹೊಂದಾಣಿಕೆ, ಡಿಫರೆನ್ಷಿಯಲಿನ ಸದ್ದು, ಈ ನಾಲ್ಕನ್ನು ಹೆಸರಿಸಿ ಹೇಳಿ ನೋಡಿಸಿ, ಸರ್ವಿಸ್ ಪುಸ್ತಕದಲ್ಲಿ ಬರೆಯಿಸಿಕೊಳ್ಳಬೇಕು. ಮೊದಲ ಹೊರೆಗಳ ವೇಬ್ರಿಜ್ಜು ಚೀಟಿಗಳನ್ನು ಅದೇ ಪುಸ್ತಕದಲ್ಲಿ ಇಟ್ಟಿದ್ದರೆ, ವಾರಂಟಿಯ ಅವಧಿಯಲ್ಲಿ ಯಾವುದಾದರೂ ಭಾಗವು ಕೆಟ್ಟು, ಅತಿಭಾರದಿಂದ ಕೆಟ್ಟಿತೆಂಬ ಆಕ್ಷೇಪಣೆ ಬಂದಲ್ಲಿ ತೋರಿಸುವುದಕ್ಕೆ ಒದಗುತ್ತವೆ.